ಹೋಗ್ಬಿಟ್ಟು ಬರ್ತೇನೆ

ಹೊರಗೆ ಮದರಾಸಿನ ಅಡ್ಯಾರಿನ ಬಿಸಿಲು ಕಣ್ಣು ಬಿಡಲಾಗದಷ್ಟು ಚುರುಗುಟ್ಟುತ್ತಿದ್ದರೂ ಶೂಟಿಂಗಿನ ಬಂಗಲೆಯ ಒಳಗೆ ನಡುರಾತ್ರಿ ಮಾಡಿಟ್ಟಿದ್ದರು. ಕಿಟಕಿಗಳಿಗೆಲ್ಲ ಕರಿಬಟ್ಟೆ ಬಿಗಿದು, ಸಂದಿಗಳಿಗೆ ಟೇಪು ಅಂಟಿಸಿ, ಮೆಟ್ಟಿಲ ಕಡೆಯಿಂದ ಒಂದು ನೀಲಿ ದೀಪ ಬಿಟ್ಟು ಅದನ್ನು ಬೆಳದಿಂಗಳು ಎಂದು ಕರೆಯುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತ ಜಲಜಾಕ್ಷಿಗೆ, ನನ್ನ ಕಾದಂಬರಿಯಲ್ಲಿ ಎಲ್ಲಿಯೂ ರಾತ್ರಿಯೇ ಇಲ್ಲವಲ್ಲ ಅನ್ನಿಸಿತು. ಅವಳ ‘ಗೇಟಿನ ಸದ್ದು’ ಪೂರಾ ಬೆಳಗಿನ ಕಥೆ. ದೋಸೆ ಹುಯ್ಯುವ ಹೊತ್ತು, ಶಾಲೆಯ ಹೊತ್ತು. ಆ ಮನೆಯ ಸತ್ತ ಹುಡುಗಿ ಬೇರೆ ದೆವ್ವಗಳ ಹಾಗೆ ಎಲ್ಲಿಂದಲೋ ಬರುವವಳಲ್ಲ. ದಿನಾ ಬೆಳಿಗ್ಗೆ ಮನೆಯಿಂದ ಹೊರಡುವವಳು. ನಡುಮನೆಯಲ್ಲಿ ಚೀಲ ಎತ್ತಿದ ಸದ್ದು, ಬಾಗಿಲಲ್ಲಿ ‘ಹೋಗ್ಬಿಟ್ಟು ಬರ್ತೇನೆ’ ಎಂಬ ಒಂದು ಮಾತು, ಆಮೇಲೆ ಗೇಟಿನ ಸದ್ದು. ತಾಯಿಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಒಂದು ದಿನ ಬರುತ್ತದೆ, ‘ಹೋಗಿ ಬಾ ಮಗಾ’ ಅನ್ನುತ್ತಾಳೆ, ಮಾರನೆಯ ಬೆಳಿಗ್ಗೆಯಿಂದ ಗೇಟು ಸದ್ದು ಮಾಡುವುದಿಲ್ಲ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಓದುಗರು ಹೆದರಿ ನಡುಗಿದ್ದರು. ಮಕ್ಕಳನ್ನು ಶಾಲೆಗೆ ಕಳಿಸುವಾಗ ಎದೆ ಝಲ್ಲೆನ್ನುತ್ತದೆ ಎಂದು ಹೆಂಗಸರು ಬರೆದಿದ್ದರು. ಪುಸ್ತಕವಾದ ಮೇಲೆ ಅದಕ್ಕೆ ಮುದ್ರಣದ ಮೇಲೆ ಮುದ್ರಣ. ಈಗ ತಮಿಳಿನಲ್ಲಿ ಸಿನಿಮಾ, ಆಮೇಲೆ ಕನ್ನಡಕ್ಕೆ ಡಬ್ಬಿಂಗು.

ಸಿನಿಮಾದ ತಾಯಿ ಉತ್ತರ ಕೊಡುವುದಿಲ್ಲ. ನಿರ್ದೇಶಕ ಗುರುಚರಣ ಕಳಿಸಿದ ಚಿತ್ರಕಥೆಯ ಕೊನೆಯ ದೃಶ್ಯದಲ್ಲಿ ಅವಳು ಹುಡುಗಿಯ ಮುಖದ ಮೇಲೆ ಬಾಗಿಲು ಹಾಕಿ ಚಿಲಕ ಜಡಿಯುತ್ತಾಳೆ, ಅಲ್ಲಿಗೆ ಶುಭಂ. ಅದನ್ನು ಓದಿದ ದಿನದಿಂದ ಜಲಜಾಕ್ಷಿಗೆ ಊಟ ಸೇರಿರಲಿಲ್ಲ. ಕತೆಯನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ಮನೆ ಬದಲಾಯಿಸಲಿ, ಮಂತ್ರವಾದಿಯನ್ನು ತರಲಿ. ಆದರೆ ಆ ಮಗುವಿಗೆ ಯಾರಾದರೂ ಒಮ್ಮೆ ಉತ್ತರ ಕೊಡಬೇಕು. ಇವತ್ತು ಆ ದೃಶ್ಯ ತೆಗೆಯುತ್ತಾರೆಂದು ತಿಳಿದು, ಇಷ್ಟನ್ನು ಹೇಳುವುದಕ್ಕೆ ಪುರಸೈವಾಕ್ಕಂನ ಮನೆಯಿಂದ ಆಟೋ ಮಾಡಿಕೊಂಡು ಬಂದಿದ್ದಳು. ಬಂದು ಅಷ್ಟು ಹೊತ್ತಾದರೂ ಹೇಳಿರಲಿಲ್ಲ.

ಹೇಳುವುದಾದರೂ ಯಾವಾಗ? ಅವಳ ಕುರ್ಚಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ನೆರಳು ಬೀಳುತ್ತದೆ ಎಂದು ಒಬ್ಬ, ವಯರು ಹೋಗಬೇಕು ಎಂದು ಇನ್ನೊಬ್ಬ, ‘ಸ್ವಲ್ಪ ಆ ಕಡೆಮ್ಮಾ’ ಎನ್ನುತ್ತ ಅವಳನ್ನು ಕುರ್ಚಿಸಮೇತ ಅಡುಗೆಮನೆಯ ಬಾಗಿಲವರೆಗೆ ದಬ್ಬಿದ್ದರು. ಸಮೀರ್ ಎಂಬ ಸಹಾಯಕ ನಿರ್ದೇಶಕ ಮಾತ್ರ ಮರ್ಯಾದೆಯವನು. ನೀರು ತಂದುಕೊಟ್ಟು, ಸಿನಿಮಾದ ಕೆಲಸವನ್ನು ಅವಳಿಗೆ ವಿವರಿಸಿದ್ದ: ಮೊದಲು ಸೌಂಡಿನವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ‘ರೋಲಿಂಗ್’ ಅನ್ನುತ್ತಾರೆ, ಆಮೇಲೆ ಕ್ಯಾಮೆರಾದವರು ಅನ್ನುತ್ತಾರೆ, ಆಮೇಲೆ ತಾನು ಕ್ಲ್ಯಾಪ್ ಹೊಡೆಯುತ್ತೇನೆ, ಆಮೇಲೆ ‘ಆಕ್ಷನ್’. ‘ಕ್ಲ್ಯಾಪ್ ಇಲ್ಲಾಂದ್ರೆ ಟೇಕೇ ಇಲ್ಲ ಮ್ಯಾಡಮ್’ ಎಂದು ಹೆಮ್ಮೆಯಿಂದ ಆ ಕಪ್ಪು ಹಲಗೆಯನ್ನು ತೋರಿಸಿದ್ದ. ಅವನು ಹೇಳಿದ ಹಾಗೆಯೇ ಬೆಳಗಿನಿಂದ ನಡೆಯುತ್ತಿತ್ತು. ರೋಲಿಂಗ್, ರೋಲಿಂಗ್, ಟಪ್, ಆಕ್ಷನ್. ತಾಯಿಯ ಪಾತ್ರದ ಶ್ರೀವಿದ್ಯಾ ಓಡಿ ಬಂದು ಬಾಗಿಲು ಬಡಿಯುತ್ತಿದ್ದಳು. ಆಚೆ ನಿಂತ ಹುಡುಗಿ ‘ಕದವ ತೊರಮ್ಮಾ’, ಬಾಗಿಲು ತೆಗಿಯಮ್ಮಾ ಎಂದು ಚೀರುತ್ತಿತ್ತು. ಕಟ್. ಬೆಳಕು ಸರಿಯಿಲ್ಲ, ಒನ್ ಮೋರ್. ಮತ್ತೆ ಬಾಗಿಲು. ಪ್ರತಿಸಲವೂ ಜಲಜಾಕ್ಷಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದರೂ ಸದ್ದು ಕೇಳುತ್ತಿತ್ತು.

ಕಟ್ ಆದ ಕೂಡಲೇ ದೆವ್ವದ ಹುಡುಗಿ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿತ್ತು. ಹೆಸರು ನಿಶ್ಮಿತಾ. ಕಾರ್ಕಳದ ಕಡೆಯವರ ಮಗಳು, ಅಪ್ಪ ಯಾವುದೋ ಹೋಟೆಲಿನಲ್ಲಿ ಅಡುಗೆ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕೂದಲು ಬಿಚ್ಚಿ ಹರವಿ, ಮುಖಕ್ಕೆ ಬೂದುಬಣ್ಣ ಬಳಿದು, ಕಣ್ಣ ಸುತ್ತ ಕಪ್ಪು ತೀಡಿ, ಬಿಳಿ ನಿಲುವಂಗಿ ತೊಡಿಸಿದ್ದರು. ಅದು ಬಿಸ್ಕತ್ತು ತಿನ್ನುವಾಗ ಬಣ್ಣ ಹೋಗದಿರಲೆಂದು ತುಟಿ ತಾಗಿಸದೆ ಹಲ್ಲಿನಲ್ಲೇ ಕಡಿಯುತ್ತಿತ್ತು. ಜಲಜಾಕ್ಷಿಯ ಮಗಳು ನಿಖಿತಾ ತಿನ್ನುವುದಾದರೆ ಎರಡು ಬಿಸ್ಕತ್ತಿನ ನಡುವಿನ ಕ್ರೀಮನ್ನು ಮೊದಲು ನೆಕ್ಕಿ, ಬರಿಯ ಬಿಸ್ಕತ್ತನ್ನು ಅಪ್ಪನಿಗೆ ಕೊಡುವವಳು. ನಿಖಿತಾಳಿಗೆ ಯಾವತ್ತೂ ಕೂದಲು ಬಿಚ್ಚಿ ಬಿಟ್ಟದ್ದಿಲ್ಲ. ಎರಡು ಜಡೆ, ಮಡಚಿ ಕಟ್ಟಿದ ಕಪ್ಪು ರಿಬ್ಬನ್ನು, ಶಾಲೆಯ ನಿಯಮ. ಅಮ್ಮಾ ಬಿಗಿಯಾಯ್ತು, ಅಮ್ಮಾ ನೋವಾಗ್ತದೆ. ನೋವಾಗಲಿ, ಆಚೀಚೆ ಕುಣಿದರೆ ನೋವಾಗದೆ ಮತ್ತೇನು. ಕಾದಂಬರಿಯ ಮುಖಪುಟದಲ್ಲಿಯೂ ಕೂದಲು ಬಿಚ್ಚಿದ ಹುಡುಗಿಯೇ ಇದ್ದಳು, ಕಣ್ಣುಗುಡ್ಡೆ ಇಲ್ಲದವಳು. ಚಿತ್ರ ಬರೆದವನು ಕಥೆ ಓದಿರಲಿಕ್ಕಿಲ್ಲ. ಅವಳು ತಕರಾರು ಮಾಡಲಿಲ್ಲ. ಸಂಪಾದಕರು ಫೋನಿನಲ್ಲಿ ‘ಇದು ದೆವ್ವದ ಕಥೆ ತಾನೇ ಅಮ್ಮಾ, ಹಾಗಂತಲೇ ಜಾಹೀರಾತು ಕೊಡ್ತೀವಿ’ ಎಂದಾಗಲೂ ಮಾಡಲಿಲ್ಲ. ಹೌದು ಎಂದಿದ್ದಳು. ಅಲ್ಲ ಎಂದಿದ್ದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು.

ಪುಸ್ತಕದ ಒಂದು ಪ್ರತಿ ಗಂಡ ಜಯಪ್ರಕಾಶನ ಕ್ಯಾಷ್ ಕೌಂಟರಿನ ಹಿಂದೆ, ದೇವರ ಪಟದ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲಿ ಕೂತಿದೆ. ಅಪ್ಪನ ಕಾಲದ ಹೋಟೆಲು, ಅಪ್ಪನ ಕಾಲದ ಕುರ್ಚಿ. ಗಿರಾಕಿಗಳು ಕೇಳಿದರೆ ‘ನಮ್ಮ ಮನೆಯವ್ರು ಬರ್ದದ್ದು’ ಅನ್ನುತ್ತಾನೆ, ಮುಂದಿನ ಮಾತಿಗೆ ಆಸ್ಪದ ಕೊಡದೆ ಚಿಲ್ಲರೆ ಎಣಿಸುತ್ತಾನೆ. ಗಂಡ ಅದನ್ನು ಓದಿಲ್ಲವೆಂದು ಅವಳಿಗೆ ಗೊತ್ತು. ಇಬ್ಬರೂ ಅದರ ಮಾತೆತ್ತಿದವರಲ್ಲ. ಅವನು ಈಗ ಮನೆಯಿಂದ ಹೊರಡುವಾಗ ಏನೂ ಹೇಳುವುದಿಲ್ಲ, ಬೀಗದ ಕೈ ಗೊಂಚಲನ್ನು ಒಮ್ಮೆ ಕುಲುಕುತ್ತಾನೆ. ಬರ್ತೇನೆ ಎಂಬ ಮಾತು ಆ ಮನೆಯಿಂದ ಹೊರಟುಹೋಗಿ ಎಷ್ಟೋ ವರ್ಷವಾಯಿತು. ನಿಖಿತಾ ಇದ್ದಿದ್ದರೆ ಈಗ ಕಾಲೇಜು ಮುಗಿಸುತ್ತಿದ್ದಳು.

ಎಲ್ಲ ಆ ಒಂದು ಮಾತಿನದೇ ರಗಳೆ. ಕನ್ನಡ ಮನೆಯೊಳಗೆ ಮಾತ್ರ, ಹೊಸ್ತಿಲು ದಾಟಿದರೆ ತಮಿಳು. ನಿಖಿತಾ ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ‘ಅಮ್ಮಾ, ಹೋಗ್ಬಿಟ್ಟು ಬರ್ತೇನೆ!’ ಬೆಂಗಳೂರಿನ ಕಡೆಯವರೂ ದಿನಾ ಹಾಗೆ ಹೇಳಿಕೊಂಡು ಸುಖವಾಗಿಯೇ ಇದ್ದಾರೆಂದು ಆಮೇಲೆ ಯಾರೋ ಹೇಳಿದರು. ಆದರೆ ಜಲಜಾಕ್ಷಿಯ ಕರಾವಳಿ ಊರಿನ ಕಿವಿಗೆ ‘ಹೋಗಿಬಿಟ್ಟರು’ ಅಂದರೆ ಒಂದೇ ಅರ್ಥ. ಅವಳ ತಾಯಿ ‘ಹೋಗ್ತೇನೆ’ ಅಂದರೂ ಬಾಯಿಗೆ ಬಡಿಯುವವಳು. ಆಡಿದ ಮಾತಿಗೆಲ್ಲ ಅಸ್ತು ಅನ್ನುವ ದೇವತೆಗಳು ಮನೆಯ ಸುತ್ತ ತಿರುಗಾಡುತ್ತಿರುತ್ತಾರೆ ಎಂದು ನಂಬಿದವಳು. ‘ಹಾಗೆ ಹೇಳ್ಬಾರ್ದು ಮಗಾ, ಹೋಗಿ ಬರ್ತೇನೆ ಅನ್ಬೇಕು.’ ಜಲಜಾಕ್ಷಿ ಮಗಳನ್ನು ನೂರು ಸಲ ತಿದ್ದಿರಬಹುದು. ತಿದ್ದಿದಾಗ ಸರಿಯಾಗಿ ಹೇಳುವಳು, ಮಾರನೆಯ ದಿನ ಮತ್ತೆ ಅದೇ. ಆ ಬೆಳಿಗ್ಗೆ ಕಾವಲಿಯ ಮೇಲೆ ದೋಸೆ ಇತ್ತು. ಹಿಂದಿನ ದಿನದ್ದು ಏನೋ ಸಿಟ್ಟು ಮನಸ್ಸಿನಲ್ಲಿತ್ತು, ಯಾವ ಸಿಟ್ಟೆಂದು ಈಗ ನೆನಪಿಲ್ಲ. ‘ಎಷ್ಟು ಸಲ ಹೇಳುದು ನಿಂಗೆ? ಸರಿಯಾಗಿ ಹೇಳಿ ಮತ್ತೆ ಹೋಗು’ ಎಂದು ಬೆನ್ನು ತಿರುಗಿಸಿಕೊಂಡೇ ಗದರಿದ್ದಳು. ಹುಡುಗಿ ಚೀಲ ಎತ್ತಿಕೊಂಡಿತು. ‘ಪೋಮ್ಮಾ’ ಅಂದಿತು. ಹೋಗಮ್ಮಾ. ಗೇಟಿನ ಸದ್ದಾಯಿತು. ಓಣಿಯ ಬಾಯಲ್ಲಿ ನೀರಿನ ಲಾರಿ ಹಿಂದಕ್ಕೆ ಬರುತ್ತಿತ್ತು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಚಾಪೆಯ ಮೇಲೆ ಕೂತ ಬಂಧುಗಳಲ್ಲಿ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ‘ಮಗುವಿನ ಬಾಯಲ್ಲಿ ದಿನಾ ಅಂಥಾ ಮಾತೇ ಬರ್ತಿತ್ತಂತಲ್ಲ’ ಎಂದದ್ದು ಇವಳಿಗೂ ಕೇಳಿಸಿತ್ತು. ಹಾಗಾದರೆ ನಾನು ತಿದ್ದಿದ್ದು ಸರಿಯೇ ಎಂದು ಒಂದು ಕ್ಷಣ ಸಮಾಧಾನವಾಗಿತ್ತು. ಆ ಸಮಾಧಾನಕ್ಕಾಗಿ ಅವಳು ಇವತ್ತಿಗೂ ತನ್ನನ್ನು ಕ್ಷಮಿಸಿಕೊಂಡಿಲ್ಲ.

“ಅಮ್ಮಾ, ಏನೋ ಹೇಳ್ಬೇಕು ಅಂದ್ರಂತೆ, ಸಮೀರ್ ಹೇಳ್ದ,” ಎಂದು ಗುರುಚರಣ ಎದುರಿಗೆ ಒಂದು ಮರದ ಪೆಟ್ಟಿಗೆ ಎಳೆದುಕೊಂಡು ಕೂತಾಗ ಅವಳು ಬೆಚ್ಚಿದಳು. ಅಜ್ಜನ ಅಜ್ಜನ ಕಾಲದಿಂದ ಮದರಾಸಿನಲ್ಲಿ ಇರುವ ಕನ್ನಡದ ವೈಷ್ಣವರ ಮನೆಯ ಹುಡುಗ, ಬ್ಯಾಂಕಿನ ಕೆಲಸ ಬಿಟ್ಟು ಸಿನಿಮಾಕ್ಕೆ ಬಂದವನು. ಒಳ್ಳೆಯವನೇ. ಅವಳ ಕಾದಂಬರಿಯನ್ನು ತನ್ನ ಅಜ್ಜಿಯಿಂದ ಓದಿಸಿ ಕೇಳಿದ್ದನಂತೆ.

“ಕೊನೇ ಸೀನಿದ್ದು,” ಎಂದಳು. “ಬಾಗ್ಲು ಹಾಕುದು ಬೇಡ ಅಂತ. ಆ ಹುಡುಗಿ ಅದೊಂದು ಮಾತು ಹೇಳ್ಲಿ, ತಾಯಿ ಹೋಗಿ ಬಾ ಅನ್ಲಿ. ಪುಸ್ತಕದಲ್ಲಿ ಉಂಟಲ್ಲ, ಹಾಗೆ.”

ಗುರುಚರಣ ತಲೆ ಕೆರೆದುಕೊಂಡ. “ಕೋಪ ಮಾಡ್ಕೋಬೇಡಿಮ್ಮಾ. ಆ ಲೈನು ಕನ್ನಡದಲ್ಲಿ ಕೇಳ್ದಾಗ ನಂಗೇ ಮೈ ಜುಂ ಅಂತು. ಸತ್ತು ವಾಪಸ್ ಬರ್ತೀನಿ ಅನ್ನೋ ಹಾಗೆ. ಆದ್ರೆ ತಮಿಳಲ್ಲಿ ಅದೇನಾಗತ್ತೆ ಹೇಳಿ? ಪೋಯ್ಟು ವರೇನ್. ಅವ್ಳೋದಾನ್, ಅಷ್ಟೇ. ಬೆಳಿಗ್ಗೆ ನಮ್ಮಮ್ಮಂಗೆ ನಾನು ಹೇಳಿ ಬಂದಿದ್ದೂ ಅದೇ. ಊರೆಲ್ಲಾ ದಿನಾ ಹೇಳೋ ಮಾತು. ಅದ್ರಲ್ಲಿ ದೆವ್ವಾನೂ ಇಲ್ಲ, ಭಯಾನೂ ಇಲ್ಲ. ಥಿಯೇಟರಲ್ಲಿ ನಕ್ಬಿಡ್ತಾರೆ. ಅದಕ್ಕೇ ‘ಉನ್ನೆ ವಿಡಮಾಟ್ಟೇನ್’ ಅಂತ ಮಾಡಿದ್ವಿ. ನಿನ್ನ ಬಿಡಲ್ಲ ಅಂತ.”

“ಹೆದರ್ಸುದು ಬೇಡ. ಒಂದು ಉತ್ತರ ಕೊಡ್ಸಿ ಸಾಕು.”

“ಉತ್ತರ ಕೊಟ್ರೆ ಸಿನಿಮಾನೇ ಮುಗಿಯಲ್ಲಮ್ಮಾ. ಪ್ರೊಡ್ಯೂಸರು ಕೊನೇಲಿ ಬಾಗಿಲು ಮುಚ್ಲೇಬೇಕು ಅಂತಾರೆ. ಪೇಯ್ ಪಡಂ, ಅದೇ ದೆವ್ವದ ಸಿನಿಮಾ, ನೋಡಿದವರು ಮನೆಗೆ ಹೋಗಿ ನಿದ್ದೆ ಮಾಡ್ಬೇಕಲ್ವಾ?” ನಕ್ಕ. ಅವಳು ನಗದಿದ್ದುದನ್ನು ನೋಡಿ, “ಆ ಒಂದು ಮಾತಿಗೆ ಯಾಕಮ್ಮಾ ಇಷ್ಟು?” ಎಂದ.

ಈಗ ಹೇಳಬಹುದಿತ್ತು. ಹೇಳಿದರೆ ಅವನು ಎದ್ದು ನಿಲ್ಲುತ್ತಿದ್ದ, ಕೈ ಹಿಡಿದುಕೊಳ್ಳುತ್ತಿದ್ದ, ಬಾಗಿಲು ಮುಚ್ಚುವುದನ್ನು ಬಿಡುತ್ತಿದ್ದನೋ ಏನೋ. ಆಮೇಲೆ ಸಿನಿಮಾ ಬಿಡುಗಡೆಯಾಗುವ ವಾರ ಅದೇ ದೊಡ್ಡ ಸುದ್ದಿಯಾಗುತ್ತಿತ್ತು. ನಿಖಿತಾಳ ಶಾಲೆಯ ಫೋಟೋ ಆ ಬೂದುಮುಖದ ಪಕ್ಕದಲ್ಲಿ ಬರುತ್ತಿತ್ತು. “ಎಂತ ಇಲ್ಲ,” ಎಂದಳು. “ಪುಸ್ತಕದಲ್ಲಿ ಹಾಗುಂಟು, ಅದಕ್ಕೆ ಹೇಳಿದೆ.” ಅವನು ಸರಿಮ್ಮಾ, ನೋಡೋಣ ಎಂದು ಎದ್ದುಹೋದ. ಪೋಯ್ಟು ವರೇನ್ ಎಂದು ಅವಳು ಮನಸ್ಸಿನಲ್ಲೇ ಹೇಳಿ ನೋಡಿದಳು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ತರಕಾರಿಯವಳ ಬಾಯಲ್ಲಿ, ಹಾಲಿನವನ ಬಾಯಲ್ಲಿ ಕೇಳಿದ ಮಾತು. ಒಂದು ದಿನವೂ ಅದು ಅವಳಿಗೆ ಅಪಶಕುನ ಅನ್ನಿಸಿರಲಿಲ್ಲ. ಇಷ್ಟು ವರ್ಷ ಅದನ್ನೂ ಮಗಳ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಯಾಕೆ ಬರಲಿಲ್ಲ? ಬೇಡ, ಈಗ ಅದನ್ನು ಯೋಚಿಸುವುದು ಬೇಡ.

ಊಟದ ಸಾಲಿನಲ್ಲಿ ನಿಂತಾಗ ಬಡಿಸುವವನು ತಟ್ಟೆ ಕೊಡುವ ಮೊದಲು “ಯಾವ ಡಿಪಾರ್ಟ್‌ಮೆಂಟಮ್ಮಾ?” ಎಂದ. ಲೈಟಿನವರಿಗೆ ಒಂದು ಕಡೆ, ಮೇಕಪ್ಪಿನವರಿಗೆ ಒಂದು ಕಡೆಯಂತೆ. ಜಲಜಾಕ್ಷಿ ತಬ್ಬಿಬ್ಬಾಗಿ “ಕಥೆ” ಎಂದಳು. ಕಥೆ ಡಿಪಾರ್ಟ್‌ಮೆಂಟು ಎಂದೊಂದು ಇದೆಯಾ ಎಂದು ಅವನು ಪಕ್ಕದವನನ್ನು ಕೇಳಿ, ಇಬ್ಬರೂ ನಕ್ಕು, ಕೊನೆಗೆ ಹುಡುಗಿಯ ಅಜ್ಜಿ ಇರಬೇಕೆಂದು ತೀರ್ಮಾನಿಸಿ ಮಕ್ಕಳ ಸಾಲಿಗೆ ಕಳಿಸಿದರು. ಮಕ್ಕಳ ಸಾಲಿನಲ್ಲಿ ಇದ್ದದ್ದು ನಿಶ್ಮಿತಾ ಒಬ್ಬಳೇ. ದೆವ್ವ ಮೊಸರನ್ನ ಉಣ್ಣುತ್ತಿತ್ತು. ಅವಳು ತಟ್ಟೆ ಹಿಡಿದು ಪಕ್ಕದಲ್ಲಿ ಕೂತಾಗ ಫೋನು ಬಂತು, ಜಯಪ್ರಕಾಶ್.

“ಊಟ ಆಯ್ತಾ?”

“ಈಗ ಕೂತದ್ದು.”

“ಎಂತ ಕೊಟ್ಟಿದ್ದಾರೆ?”

“ಅನ್ನ, ಸಾಂಬಾರು. ಕೋಸಿನ ಪಲ್ಯ.”

“ಸಾಂಬಾರಿಗೆ ಬೆಲ್ಲ ಹಾಕಿದ್ದಾರಾ?”

“ಇಲ್ಲ.”

“ಮತ್ತೆಂತ ಸಾಂಬಾರು ಅದು.” ಹಿಂದೆ ಹೋಟೆಲಿನ ಲೋಟ ತಟ್ಟೆಗಳ ಸದ್ದು, ಯಾರೋ ಎರಡು ಕಾಫಿ ಎಂದು ಕೂಗಿದ್ದು. ಫೋನು ಇಡುತ್ತಾನೆ ಎಂದುಕೊಂಡಳು. ಇಡಲಿಲ್ಲ. “ಜಲಜಾ. ಕೊನೇದ್ದು ಬದ್ಲು ಮಾಡ್ಲಿಕ್ಕೆ ಬಿಡ್ಬೇಡ. ಅವ್ಳಿಗೆ ಹೋಗಿ ಬಾ ಅಂತ ಹೇಳ್ಬೇಕು. ಅದೊಂದು ಬೇಕು.” ಇಷ್ಟು ಹೇಳಿ, ಅವಳು ಉಸಿರು ತೆಗೆಯುವ ಮೊದಲೇ ಇಟ್ಟುಬಿಟ್ಟ.

ಪುಸ್ತಕದ ಕವರನ್ನು ಅವನು ಯಾವಾಗ ಬಿಚ್ಚಿದ? ಹೋಟೆಲು ಮುಚ್ಚಿದ ಮೇಲೆ, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಇಟ್ಟ ಮೇಲೆ, ಆ ಒಂದು ದೀಪದಲ್ಲಿ ಕೂತು ಓದಿದನೇ? ಓದಿ ಮತ್ತೆ ಕವರಿಗೆ ಹಾಕಿ, ದೇವರ ಪಟದ ಪಕ್ಕ ಇಟ್ಟು, ಮನೆಗೆ ಬಂದು, ಇಡ್ಲಿ ಹಿಟ್ಟು ಉಕ್ಕಿದೆಯಾ ನೋಡು ಎಂದನೇ? ಕಲಸಿದ ತುತ್ತು ಕೈಯಲ್ಲೇ ಉಳಿಯಿತು. ನಿಶ್ಮಿತಾ ತನ್ನ ನೀರಿನ ಬಾಟಲಿಯನ್ನು ಅವಳ ಕಡೆ ತಳ್ಳಿತು.

ಜಲಜಾಕ್ಷಿ ತಟ್ಟೆ ಇಟ್ಟು ಎದ್ದಳು. ಗುರುಚರಣ ಯಾರ ಜೊತೆಗೋ ಮಾತಾಡುತ್ತಿದ್ದ, ಅದನ್ನು ನೋಡದೆ ನಡುವೆ ಹೋಗಿ ನಿಂತಳು. ಜನ್ಮದಲ್ಲಿ ಯಾರ ಮಾತಿನ ನಡುವೆಯೂ ಬಾಯಿ ಹಾಕಿದವಳಲ್ಲ. “ಒಮ್ಮೆ ತೆಗೀರಿ,” ಎಂದಳು. “ಒಂದೇ ಸಲ, ನಾನು ಹೇಳಿದ ಹಾಗೆ. ಬೇಡ ಅಂತಾದ್ರೆ ಮತ್ತೆ ಬಿಸಾಡಿ.” ಸುತ್ತ ಇದ್ದವರು ಕೆಲಸ ಬಿಟ್ಟು ಅವಳನ್ನು ನೋಡಿದರು. ಗುರುಚರಣ ಕ್ಯಾಮೆರಾದವನ ಮುಖ ನೋಡಿದ, ಗಡಿಯಾರ ನೋಡಿದ, ಆಮೇಲೆ ಅವಳನ್ನು ನೋಡಿ “ಸರಿಮ್ಮಾ. ನಿಮಗೋಸ್ಕರ ಒಂದು,” ಎಂದ.

ಹುಡುಗಿಗೆ ಮಾತು ಕಲಿಸುವ ಕೆಲಸ ಅವಳದೇ ಆಯಿತು. ನಿಶ್ಮಿತಾ ಕನ್ನಡ ಕೇಳಿದರೆ ತಿಳಿದುಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಮಗು. ಜಲಜಾಕ್ಷಿ ಅದರ ಎದುರು ಬಗ್ಗಿ ನಿಂತು, ಎಷ್ಟೋ ವರ್ಷದಿಂದ ಬಾಯಲ್ಲಿ ಆಡದೆ ಕಾಗದದ ಮೇಲೆ ಮಾತ್ರ ಬರೆದ ಮಾತನ್ನು ಹೇಳಿದಳು. “ಹೋಗ್ಬಿಟ್ಟು ಬರ್ತೇನೆ. ಅಷ್ಟೇ. ಹೇಳ್ತೀಯಾ?”

ಹುಡುಗಿ ಹುಬ್ಬು ಗಂಟಿಕ್ಕಿ ಕೇಳಿತು, ಒಂದು ಗಳಿಗೆ ತುಟಿಯಲ್ಲೇ ಹೇಳಿಕೊಂಡಿತು, ಆಮೇಲೆ ಮುಖ ಅರಳಿತು. “ಓ! ಪೋಯ್ಟು ವರೇನ್ ತಾನೇ? ಇವ್ಳೋದಾನಾ ಆಂಟಿ?” ಇಷ್ಟೇನಾ. ಅದಕ್ಕೆ ನಗು ಬಂತು. ಇದನ್ನು ಯಾರಾದರೂ ಹೇಳಿಕೊಡಬೇಕೇ ಎನ್ನುವ ನಗು. ಬೂದುಬಣ್ಣದ ಕೆಳಗಿನಿಂದ, ಕಪ್ಪು ತೀಡಿದ ಕಣ್ಣಿನಿಂದ ಬಂದ ಆ ನಗುವಿನ ಮುಂದೆ ಜಲಜಾಕ್ಷಿಯ ಬೆನ್ನು ನೆಟ್ಟಗಾಗಲಿಲ್ಲ. ಇಷ್ಟೇ ಆಗಿತ್ತು. ಓಣಿಯ ಎಲ್ಲ ಮಕ್ಕಳೂ ತಮ್ಮ ತಮ್ಮ ತಾಯಂದಿರಿಗೆ ಹೇಳಿ ಹೊರಡುತ್ತಿದ್ದುದನ್ನೇ ನಿಖಿತಾ ತನ್ನ ತಾಯಿಗೂ ಹೇಳಬೇಕೆಂದು, ತಾಯಿಗೆ ಕನ್ನಡ ಇಷ್ಟವೆಂದು, ಪದಕ್ಕೆ ಪದ ಹುಡುಕಿ ಜೋಡಿಸಿ ತಂದುಕೊಟ್ಟಿದ್ದಳು. ಅದರಲ್ಲಿ ಯಾವ ದೇವತೆ ಅಸ್ತು ಅನ್ನುವಂಥದೂ ಇರಲಿಲ್ಲ. ಬರ್ತೇನೆ ಎಂದೇ ಇತ್ತು. ದಿನಾ ಬರ್ತೇನೆ ಎಂದೇ ಹೇಳಿ ಹೋಗುತ್ತಿದ್ದ ಮಗುವನ್ನು ತಪ್ಪು ತಪ್ಪು ಎಂದು ಗದರಿ, ಆ ಒಂದು ದಿನ ಅದನ್ನೂ ಹೇಳದ ಹಾಗೆ ಮಾಡಿ ಕಳಿಸಿದವಳು ತಾನು. ಆಮೇಲೆ ಆ ಮಾತಿಗೆ ದೆವ್ವದ ಬಣ್ಣ ಬಳಿದು ಕಂತುಕಂತಾಗಿ ಅಚ್ಚು ಹಾಕಿಸಿದವಳೂ ತಾನೇ. ಗುರುಚರಣನ ಮೇಲೆ ಸಿಟ್ಟಾಗುವ ಹಕ್ಕು ಎಲ್ಲಿಂದ ಬಂತು?

“ಆಂಟಿ, ಕರೆಕ್ಟಾ?” ಎಂದಿತು ಹುಡುಗಿ.

“ಕರೆಕ್ಟ್,” ಎಂದಳು.

ದೀಪಗಳು ಬಂದವು. ಶ್ರೀವಿದ್ಯಾ ಬಾಗಿಲಿಗೆ ಬಂದು ನಿಂತಳು. ಎಲ್ಲರೂ ಸುಮ್ಮನಾದರು. “ಆಕ್ಷನ್,” ಎಂದ ಗುರುಚರಣ. ಹುಡುಗಿ ಹೊಸ್ತಿಲ ಮೇಲೆ ನಿಂತು, ಬೆಳಗಿನಿಂದ ಚೀರಿದ ಆ ಒಡಕು ದನಿಯಲ್ಲೇ, ಮನಸ್ಸಿಟ್ಟು, ಕಲಿತ ಮಾತನ್ನು ಹೇಳಿತು. ಶ್ರೀವಿದ್ಯಾ ಬಳೆ ಸರಿಮಾಡಿಕೊಳ್ಳುತ್ತ “ಹೋಗಿ ಬಾ” ಎಂದಳು. ಜಲಜಾಕ್ಷಿ ಇದಕ್ಕಾಗಿಯೇ ಕಾದಿದ್ದವಳು, ಕಣ್ಣು ಅಗಲ ಬಿಟ್ಟು ನೋಡುತ್ತಿದ್ದವಳು, ಆಗ ನೋಡಿದಳು: ಸೌಂಡಿನವನು ಹೆಡ್‌ಫೋನನ್ನು ಕತ್ತಿಗೆ ನೇತುಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಸಮೀರ್ ಗೋಡೆಗೆ ಒರಗಿ ನಿಂತಿದ್ದ, ಅವನ ಕಪ್ಪು ಹಲಗೆ ಕುರ್ಚಿಯ ಮೇಲಿತ್ತು. ರೋಲಿಂಗ್ ಎಂದು ಯಾರೂ ಹೇಳಿರಲಿಲ್ಲ. ಟಪ್ ಎಂಬ ಸದ್ದು ಆಗಿರಲಿಲ್ಲ. ಸಮೀರ್ ಅವಳ ಕಣ್ಣು ತಪ್ಪಿಸಿ ಚಪ್ಪಲಿ ನೋಡಿಕೊಂಡ.

“ಕಟ್! ತುಂಬಾ ಚೆನ್ನಾಗಿ ಬಂತು. ಎಡಿಟಿಂಗಲ್ಲಿ ನೋಡೋಣ, ಅಲ್ವಾಮ್ಮಾ?” ಎಂದ ಗುರುಚರಣ.

ಗೊತ್ತಾಯಿತು ಎಂದು ಅನ್ನಲೇ? ಎಲ್ಲರೆದುರು ಅನ್ನಬಹುದಿತ್ತು, ಅವನ ಮುಖ ಪೆಚ್ಚಾಗುತ್ತಿತ್ತು. ಆದರೆ ಅಷ್ಟೂ ಜನರಲ್ಲಿ ಒಬ್ಬಳು ಮಾತ್ರ ಆ ಟೇಕನ್ನು ನಿಜವೆಂದು ನಂಬಿ ಹೇಳಿದ್ದಳು, ಅವಳು ಈಗ ಓಡಿ ಬಂದು “ನಾನ್ ನಲ್ಲಾ ಸೊನ್ನೇನಾ ಆಂಟಿ?” ಎಂದು ಕೇಳುತ್ತಿದ್ದಳು. “ಚೆನ್ನಾಗಿ ಹೇಳ್ದೆ ಮಗಾ,” ಎಂದಳು ಜಲಜಾಕ್ಷಿ. ಗುರುಚರಣನಿಗೂ ಉಪಕಾರವಾಯ್ತು ಎಂದಳು. ಅವನಿಗೆ ಒಮ್ಮೆಲೇ ನಿರಾಳವಾದದ್ದು ಕಂಡಿತು. ಆಮೇಲೆ ಸಮೀರ್ ಹಲಗೆ ಎತ್ತಿಕೊಂಡ, ರೋಲಿಂಗ್, ರೋಲಿಂಗ್, ಟಪ್. ಬಾಗಿಲು ಬಡಿಯಿತು. ಈ ಸಲ ಎಲ್ಲ ಸರಿಯಾಗಿ ಬಂತು, ಓಕೆ ಆಯಿತು, ಜನ ಚಪ್ಪಾಳೆ ತಟ್ಟಿದರು.

ಅವಳು ಹೊರಗೆ ಪೋರ್ಟಿಕೋದ ಮೆಟ್ಟಿಲ ಮೇಲೆ ಬಂದು ಕೂತಳು. ಒಳಗಿನ ರಾತ್ರಿಯಿಂದ ಬಂದ ಕಣ್ಣಿಗೆ ಬಿಸಿಲು ಚುಚ್ಚಿ ನೀರು ಬಂತು. ಬಂದ ನೀರು ನಿಲ್ಲಲಿಲ್ಲ. ಕಾಂಪೌಂಡಿನಾಚೆ ಬಸ್ಸು ಹಾರ್ನ್ ಹಾಕುತ್ತಿತ್ತು, ಯಾವುದೋ ಶಾಲೆ ಬಿಟ್ಟಿತ್ತು, ಮಕ್ಕಳ ಗಲಾಟೆ ರಸ್ತೆ ತುಂಬ ಹರಿದು ಹೋಗುತ್ತಿತ್ತು. ಜಯಪ್ರಕಾಶನಿಗೆ ಏನು ಹೇಳುವುದು? ಹೇಳಿಸಿದೆ ಎಂದರೆ ಸುಳ್ಳಲ್ಲ, ಹೇಳಿದ್ದಾರೆ. ಯಾರಿಗೂ ಕೇಳದ ಹಾಗೆ, ಯಾವುದರಲ್ಲೂ ಉಳಿಯದ ಹಾಗೆ ಹೇಳಿದ್ದಾರೆ. ಸಿನಿಮಾ ಬರುತ್ತದೆ, ಊರೂರಿನಲ್ಲಿ ದಿನಕ್ಕೆ ನಾಲ್ಕು ಸಲ ಆ ಬಾಗಿಲು ಮುಚ್ಚುತ್ತದೆ, ಜನ ಮನೆಗೆ ಹೋಗಿ ನಿದ್ದೆ ಮಾಡುತ್ತಾರೆ. ಒಳಗೆ ಕಿಟಕಿಯ ಕರಿಬಟ್ಟೆ ಕಿತ್ತು ಮಡಚುತ್ತಿದ್ದರು. ಆಟೋ ಕರೆಯಬೇಕು ಎಂದುಕೊಂಡು ಅವಳು ಎದ್ದು ಗೇಟಿನ ತನಕ ಬಂದಳು.

ಹಿಂದಿನಿಂದ ದಡದಡ ಹೆಜ್ಜೆ. ತಿರುಗಿದರೆ ಗುರುತು ಸಿಗಲಿಲ್ಲ. ಬಣ್ಣ ತೊಳೆದು ಕೆಂಪಾದ ಮುಖ, ಬೆನ್ನಿಗೆ ಚೀಲ, ಬಿಗಿಯಾಗಿ ಹೆಣೆದು ಮಡಚಿ ಕಟ್ಟಿದ ಎರಡು ಜಡೆ. ಹಿಂದೆ ಬರುತ್ತಿದ್ದ ತಾಯಿ “ಟ್ಯೂಷನ್ನಿಗೆ ಹೊತ್ತಾಯ್ತು ನಿಶ್ಮೀ, ಬೇಗ” ಎಂದು ಕೂಗುತ್ತಿದ್ದಳು. ಹೊರಗೆ ಕಂಪೆನಿಯ ವ್ಯಾನು ನಿಂತಿತ್ತು. ಹುಡುಗಿ ಜಲಜಾಕ್ಷಿಯನ್ನು ದಾಟಿ ಓಡಿ, ನೆನಪಾಗಿ ನಿಂತು, ಇವತ್ತು ಕಲಿತದ್ದನ್ನು ಬಳಸುವ ಖುಷಿಯಲ್ಲಿ, “ಆಂಟೀ, ಹೋಗ್ಬಿಟ್ಟು ಬರ್ತೇನೆ!” ಎಂದಿತು.

“ಹಾಗೆ ಹೇಳ್ಬಾರ್ದು ಮಗಾ,” ಎಂದಳು ಜಲಜಾಕ್ಷಿ.

ಎಂದಾದ ಮೇಲೆ ಕೇಳಿಸಿತು. ಅವಳೇ ಹೇಳಿದ್ದಳು. ಇಷ್ಟು ತಿಳಿದ ಮೇಲೆ, ಇವತ್ತೇ ತಿಳಿದ ಮೇಲೆ, ನಾಲಿಗೆ ತಾನಾಗಿ ಹೊರಳಿ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತ್ತು. ಹುಡುಗಿಯ ಮುಖದಲ್ಲಿನ ಖುಷಿ ಹೋಯಿತು. “ತಪ್ಪಾ? ನೀಂಗದಾನೇ ಹೇಳ್ಕೊಟ್ಟದ್ದು?” ಎಂದಿತು. ವ್ಯಾನಿನವನು ಹಾರ್ನ್ ಒತ್ತಿದ. ಅದು ಆ ಕಡೆ ಒಂದು ಹೆಜ್ಜೆ ತಿರುಗಿತು. ಈಗ ಓಡುತ್ತದೆ ಎಂದು ಜಲಜಾಕ್ಷಿಗೆ ಗೊತ್ತಾಯಿತು, ಏನೂ ಹೇಳದೆ ಓಡುತ್ತದೆ.

“ಇಲ್ಲ!” ಎಂದು ಕೂಗಿಯೇಬಿಟ್ಟಳು. ಹುಡುಗಿಯ ತಾಯಿ ಗಾಬರಿಯಾಗಿ ನಿಂತಳು. “ತಪ್ಪಲ್ಲ ಮಗಾ. ಸರಿ ಉಂಟು. ನೀನು ಹೇಳಿದ್ದೇ ಸರಿ. ಇನ್ನೊಮ್ಮೆ ಹೇಳ್ತೀಯಾ?”

“ಒನ್ ಮೋರಾ?” ಬೆಳಗಿನಿಂದ ಕೇಳಿ ಕೇಳಿ ರೂಢಿಯಾದ ಮಾತು, ಅದಕ್ಕೆ ಬೇಸರವಾಗಲಿಲ್ಲ. ಕೆಲಸ ಬಲ್ಲವಳ ಗಾಂಭೀರ್ಯದಲ್ಲಿ ಚೀಲದ ಪಟ್ಟಿ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಮೊದಲು ನಿಂತಿದ್ದ ಜಾಗದಲ್ಲಿ ನಿಂತಿತು. ನಿಂತು ಕೇಳಿತು: “ಪೇಯ್ ವಾಯ್ಸಾ ಆಂಟಿ, ಸಾದಾ ವಾಯ್ಸಾ?”

ಜಲಜಾಕ್ಷಿ ಗೇಟಿನ ಸರಳನ್ನು ಹಿಡಿದುಕೊಂಡಳು.

“ಸಾದಾ,” ಎಂದಳು.

ಹುಡುಗಿ ಓಡಿ ಬಂದು, ಪಕ್ಕದಲ್ಲಿ ಹಾದುಹೋಗುತ್ತ, ಮುಖ ಮಾತ್ರ ಇತ್ತ ತಿರುಗಿಸಿ, ಮನಸ್ಸೆಲ್ಲ ಆಗಲೇ ವ್ಯಾನಿನಲ್ಲಿ ಇರುವವರ ಹಾಗೆ ಹೇಳಿತು. “ಹೋಗ್ಬಿಟ್ಟು ಬರ್ತೇನೆ.”

“ಹೋಗ್ಬಿಟ್ಟು ಬಾ,” ಎಂದಳು ಅವಳು. ದನಿ ಸರಿಯಾಗಿಯೇ ಬಂತು. ಹುಡುಗಿ ಕೇಳಿಸಿಕೊಂಡಿತೋ ಇಲ್ಲವೋ, ವ್ಯಾನು ಹತ್ತಿ ಕಿಟಕಿಯ ಸೀಟಿಗಾಗಿ ತಾಯಿಯ ಜೊತೆ ಜಗಳ ಮಾಡುತ್ತಿತ್ತು. ವ್ಯಾನು ಹೊರಟಿತು. ಕಾವಲಿನವನು ಬಂದು “ಸ್ವಲ್ಪ ಆ ಕಡೆಮ್ಮಾ” ಎಂದು ಅವಳ ಕೈ ಸರಿಸಿ ಗೇಟು ಹಾಕಿದ.